ಫರಸಿಯ ಕೆಳಗಿನ ತಿಮಿಂಗಿಲ

ನನಗೊಂದು ಚಟವಿದೆ. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರಲು ಬರುವುದಿಲ್ಲ. ಚಿತ್ತಾಪುರದ ಹೈಸ್ಕೂಲಿಗೆ ಭೂಗೋಳದ ಟೀಚರಾಗಿ ಸೇರುವ ಮೊದಲೇ ಇದು ಇತ್ತು. ಸೇರಿದ ಮೇಲೆ ಅದಕ್ಕೆ ಸಂಬಳವೂ ಸಿಕ್ಕಿತು. ರೈಲಿನಲ್ಲಿ ಪಕ್ಕದವರು ಏನು ಬಿಸಿಲಪ್ಪಾ ಎಂದರೆ ಸಾಕು, ಕರ್ಕಾಟಕ ವೃತ್ತದಿಂದ ಶುರು ಮಾಡುತ್ತಿದ್ದೆ. ಈಕೆಗೆ ಒಂದು ಪ್ರಶ್ನೆ ಕೇಳಿದರೆ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ ಎಂದು ಅವ್ವ ಬಂದವರಿಗೆಲ್ಲ ಮೊದಲೇ ಎಚ್ಚರಿಸುತ್ತಿದ್ದಳು. ಅಂಥ ಚಟ ಒಂದು ಸಲ ನಮ್ಮಪ್ಪನ ದುಕಾನದ ಬಾಗಿಲನ್ನೇ ಹಾಕಿಸಿತು.

ನಮ್ಮ ಮನೆ ವಾಡಿಯಲ್ಲಿತ್ತು. ವಾಡಿ ಎಂದರೆ ಜಂಕ್ಷನ್. ಮುಂಬೈ ಕಡೆಯಿಂದ ಬಂದ ಗಾಡಿಗಳು ಇಲ್ಲಿ ನಿಂತು ಉಸಿರುಬಿಟ್ಟು, ಕೆಲವು ರಾಯಚೂರಿನ ಕಡೆಗೆ, ಕೆಲವು ಸೇಡಂ ಮೇಲೆ ಸಿಕಂದರಾಬಾದಿನ ಕಡೆಗೆ ಹೊರಳುತ್ತವೆ. ಊರಿನ ಅರ್ಧ ಜನಕ್ಕೆ ರೈಲಿನ ಅನ್ನ, ಉಳಿದರ್ಧಕ್ಕೆ ಕಲ್ಲಿನ ಅನ್ನ. ಅಪ್ಪನದು ಗಡಿಯಾರದ ಅನ್ನ. ಸ್ಟೇಶನ್ನಿನಿಂದ ಹೊರಗೆ ಬಂದರೆ ಎಡಕ್ಕೆ, ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲದ ದುಕಾನ. ಗಾರ್ಡುಗಳು, ಡ್ರೈವರುಗಳು, ಟಿಕೆಟ್ ನೋಡುವವರು, ಎಲ್ಲರ ಕೈಗಡಿಯಾರಗಳೂ ಎಂದಾದರೊಂದು ದಿನ ಅಪ್ಪನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದವೇ.

ಅಪ್ಪ ಹುಟ್ಟಿದ್ದು ಚಿಂಚೋಳಿ ತಾಲೂಕಿನ ಚಿಮ್ಮನಚೋಡದಲ್ಲಿ, ಓದಿದ್ದು ನಿಜಾಮರ ಕಾಲದ ಉರ್ದು ಸಾಲೆಯಲ್ಲಿ. ಕನ್ನಡವನ್ನು ಮನೆಯಲ್ಲಿ ಕಲಿತ. ಇಂಗ್ಲಿಷಿನಲ್ಲಿ ಅವನಿಗೆ ಓದಲು ಬರುತ್ತಿದ್ದದ್ದು ಡಯಲಿನ ಮೇಲಿನ ಅಂಕಿಗಳು ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡೇ ಅವನು ದುಕಾನಕ್ಕೆ ಹೋಗುತ್ತಿದ್ದದ್ದು. ಹೊರಗೆ ಒಂದು ಲೋಟ ಚಹಾ ಕುಡಿಯಬೇಕಾದರೂ ಈ ಒಲೆಯ ಮೇಲೆ ಆಮ್ಲೆಟ್ ಬೇಯಿಸುತ್ತಾರೇನು ಎಂದು ವಿಚಾರಿಸುವ ಮನುಷ್ಯ. ರೇಷನ್ನಿನ ಡಾಲ್ಡಾದ ಮೇಲೂ ಅವನಿಗೆ ಅನುಮಾನವಿತ್ತು. ಇಷ್ಟೆಲ್ಲ ನೇಮದವನ ಮೇಜಿನ ಮೇಲೆ, ಬಲಗೈಗೆ ಸಿಗುವ ಜಾಗದಲ್ಲಿ, ಹೆಬ್ಬೆರಳಿನಷ್ಟು ಎತ್ತರದ ಒಂದು ಎಣ್ಣೆಯ ಶೀಶೆ ಇರುತ್ತಿತ್ತು.

ಆ ಶೀಶೆ ಮುಂಬೈಯ ಒಬ್ಬ ವ್ಯಾಪಾರಿಯಿಂದ ಪಾರ್ಸಲ್ಲಿನಲ್ಲಿ ಬರುತ್ತಿತ್ತು. ಹಳದಿ ಕಾಗದದ ಲೇಬಲ್ಲು, ಅದರ ಮೇಲೆ ದೊಡ್ಡ ತಲೆಯ ಒಂದು ಮೀನಿನ ಚಿತ್ರ, ಕೆಳಗೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಅಪ್ಪ ಒಂದು ಸೂಜಿಯ ತುದಿಯನ್ನು ಅದರಲ್ಲಿ ಅದ್ದಿ, ಗಡಿಯಾರದ ಒಂದೊಂದು ಚಕ್ರದ ಕೀಲಿಗೆ ಸಾಸಿವೆಯ ಕಾಲುಭಾಗದಷ್ಟು ಬಿಡುತ್ತಿದ್ದ. ಎಣ್ಣೆ ಹಳತಾದರೆ ಹುಳಿ ಬರುತ್ತದೆ, ಹುಳಿ ಬಂದ ಎಣ್ಣೆ ಹಿತ್ತಾಳೆಯನ್ನು ತಿನ್ನುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ಸೂಜಿಯ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ರುಚಿ ನೋಡಿ, ಅಡ್ಡಿಯಿಲ್ಲ ಎಂದು ತಲೆಯಾಡಿಸುತ್ತಿದ್ದ. ಮಹಾನವಮಿಯ ಆಯುಧ ಪೂಜೆಯ ದಿನ ಚಿಮಟ, ತಿರುಪುಳಿಗಳ ಜೊತೆ ಆ ಶೀಶೆಗೂ ವಿಭೂತಿ, ಚೆಂಡುಹೂವು. ವಿಭೂತಿ ಹಚ್ಚಿಕೊಂಡ ಆ ಮೀನು ನಮ್ಮ ಮಠದ ಹಿರಿಯರೊಬ್ಬರನ್ನು ಹೋಲುತ್ತದೆ ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು.

ಆ ಎಣ್ಣೆಯ ಗುಣ ಹೇಳುವುದರಲ್ಲಿ ಅಪ್ಪನೂ ನನ್ನಂತೆಯೇ, ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ನಮ್ಮ ಕಡೆಯ ಬಿಸಿಲು ಗೊತ್ತಿದ್ದದ್ದೇ. ಮೇ ತಿಂಗಳಲ್ಲಿ ಫರಸಿ ಎನ್ನುವ ನಮ್ಮ ಹಾಸುಗಲ್ಲಿನ ಮನೆಗಳು ಕಾದ ಹಂಚಾಗುತ್ತವೆ. ಬೇರೆ ಎಣ್ಣೆ ಹಾಕಿದ ಗಡಿಯಾರಗಳಲ್ಲಿ ಎಣ್ಣೆ ಹರಿದು ಎಲ್ಲೆಲ್ಲೋ ಹೋಗಿ ಕೀಲು ಒಣಗುತ್ತದೆ. ಛಳಿಗಾಲದ ಬೆಳಗಿನಲ್ಲಿ ಅದೇ ಎಣ್ಣೆ ಗಟ್ಟಿಯಾಗಿ ಗಡಿಯಾರ ಹಿಂದೆ ಬೀಳುತ್ತದೆ. ಈ ಮೀನಿನ ಚಿತ್ರದ ಎಣ್ಣೆ ಮಾತ್ರ ಎರಡಕ್ಕೂ ಜಗ್ಗುತ್ತಿರಲಿಲ್ಲ. ಇಟ್ಟಲ್ಲಿ ಇರುತ್ತಿತ್ತು, ವರ್ಷಗಟ್ಟಲೆ.

ಎಂಬತ್ತರ ದಶಕದ ಹೊಸ್ತಿಲಲ್ಲಿ ಮುಂಬೈಯಿಂದ ಶೀಶೆ ಬರುವುದು ನಿಂತಿತು. ಬದಲಿಗೆ ಒಂದು ಕಾಗದ ಬಂತು. ಹಳೆಯ ಎಣ್ಣೆ ಇನ್ನು ಸಿಗುವುದಿಲ್ಲ, ಹೊಸದು ಬಂದಿದೆ, ಬೇಕಾದರೆ ಕಳಿಸುತ್ತೇವೆ ಎಂದು. ಅಪ್ಪನಿಗೆ ಸಿಟ್ಟು ಬಂತು. ಒಳ್ಳೆಯ ಮಾಲನ್ನು ಬಚ್ಚಿಟ್ಟು ಕೆಟ್ಟದ್ದನ್ನು ದಾಟಿಸುವ ಉಪಾಯ ಇದು ಎಂದು ಅವನ ತೀರ್ಮಾನ. ಅವನ ಬಳಿ ಉಳಿದದ್ದು ಬಳಸುತ್ತಿದ್ದ ಅರ್ಧ ಶೀಶೆ, ಪೆಟ್ಟಿಗೆಯಲ್ಲಿ ಕಾದಿಟ್ಟ ಒಂದು ತುಂಬಿದ ಶೀಶೆ. ಯಾಕೆ ಸಿಗುವುದಿಲ್ಲ ಎಂದು ಅವನು ಹೋದಬಂದವರನ್ನೆಲ್ಲ ಕೇಳಿದ. ನನ್ನನ್ನೂ ಕೇಳಿದ. ಅಲ್ಲಿಗೆ ಹಾಲು ಉಕ್ಕಿತು.

ನಮ್ಮ ಶಾಲೆಯ ಲೈಬ್ರರಿಯಲ್ಲಿ ಯಾರೋ ದಾನ ಕೊಟ್ಟ ಇಂಗ್ಲಿಷ್ ವಿಶ್ವಕೋಶದ ಕೆಲವು ಸಂಪುಟಗಳೂ ಹಳೆಯ ಪತ್ರಿಕೆಗಳ ಒಂದು ಕಟ್ಟೂ ಇದ್ದವು. ಸಾಗರಗಳ ಪಾಠಕ್ಕೆಂದು ಪುಟ ತಿರುವುತ್ತಿದ್ದಾಗ ಅಪ್ಪನ ಶೀಶೆಯ ಮೀನು ಎದುರಿಗೆ ಬಂತು. ಅದೇ ದೊಡ್ಡ ತಲೆ, ಅದೇ ಸಣ್ಣ ಬಾಯಿ. ನನಗಾದ ಖುಷಿ ಹೇಳತೀರದು. ಭಾನುವಾರ ಮಧ್ಯಾಹ್ನ ದುಕಾನಕ್ಕೇ ಹೋಗಿ, ಮೂಲೆಯ ಸ್ಟೂಲಿನ ಮೇಲೆ ಕೂತು ಪಾಠ ಶುರು ಮಾಡಿದೆ. ಇದು ಮೀನಲ್ಲ, ತಿಮಿಂಗಿಲ. ಮರಿ ಹಾಕಿ ಹಾಲುಣಿಸುವ ಪ್ರಾಣಿ, ನಮ್ಮ ಎಮ್ಮೆಯ ಹಾಗೆ. ಇದರ ತಲೆಯೊಳಗೆ ಹಂಡೆಗಟ್ಟಲೆ ಎಣ್ಣೆ ಇರುತ್ತದೆ. ಅದಕ್ಕಾಗಿ ಹಡಗಿನವರು ಭರ್ಚಿ ಎಸೆದು ಎಸೆದು ಕೊಂದರು. ಈಗ ಕಡಿಮೆಯಾಗಿವೆ, ಹಲವು ದೇಶಗಳು ಎಣ್ಣೆಯ ವ್ಯಾಪಾರವನ್ನೇ ನಿಲ್ಲಿಸುತ್ತಿವೆ. ನಿನ್ನ ಮುಂಬೈಯವನು ಸುಳ್ಳು ಹೇಳಿಲ್ಲಪ್ಪಾ, ಎಂದು ಮುಗಿಸಿ ಗೆದ್ದವಳ ಹಾಗೆ ನೋಡಿದೆ.

ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜನ್ನು ತೆಗೆದು ಮೇಜಿನ ಮೇಲಿಟ್ಟ. ಶೀಶೆಯನ್ನು ಕೈಗೆತ್ತಿಕೊಂಡು ನನ್ನ ಮುಂದೆ ಹಿಡಿದ.

"ಇದ್ರ ಮ್ಯಾಲ ಏನ್ ಬರದಾರ, ಓದು."

ಓದಿದೆ. ತಿಮಿಂಗಿಲದ ಶುದ್ಧ ಎಣ್ಣೆ, ಗಡಿಯಾರಗಳಿಗಾಗಿ ಎಂದಿತ್ತು. ಹುಟ್ಟಿದಾಗಿನಿಂದ ಆ ಶೀಶೆಯನ್ನು ನೋಡುತ್ತ ಬೆಳೆದವಳು, ಇಂಗ್ಲಿಷಿನಲ್ಲಿ ಎರಡು ಪರೀಕ್ಷೆ ಪಾಸಾದವಳು, ಆ ಲೇಬಲ್ಲನ್ನು ಅವತ್ತೇ ಮೊದಲ ಸಲ ಓದಿದ್ದು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಅಪ್ಪ ನಿಧಾನವಾಗಿ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

"ಕಡ್ಡಿಪೆಟ್ಟಿಗಿ ಮ್ಯಾಲ ಹುಲಿ ಚಿತ್ರ ಇರತದ, ಒಳಗ ಹುಲಿ ಇರತದೇನು? ಇದೂ ಹಂಗ ಅಂದ್ಕೊಂಡಿದ್ದೆ ಯವ್ವಾ. ಇಷ್ಟ್ ವರ್ಷ ನಾಲಿಗಿಗಿ ಹಚ್ಕೊಂಡೀನಿ."

ಆಗ ನನಗೆ ತಿಳಿಯಿತು, ನಾನು ಏನು ಮಾಡಿದೆ ಎಂದು. ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಆ ಗಳಿಗೆಯಲ್ಲಿ ನನ್ನ ಎಲ್ಲ ಭೂಗೋಳವನ್ನೂ ಕೊಟ್ಟುಬಿಡುತ್ತಿದ್ದೆ. ಅಪ್ಪ ಬಾಗಿಲೆಳೆದು ಬೀಗ ಹಾಕಿದ. ಮನೆಗೆ ಬಂದು, ತಲೆಯ ಮೇಲೆ ಎರಡು ಬಿಂದಿಗೆ ತಣ್ಣೀರು ಸುರಿದುಕೊಂಡು, ದುಕಾನದ ಚಾವಿಯನ್ನು ಅವ್ವನ ಕೈಯಲ್ಲಿಟ್ಟ. ಇನ್ನು ಆ ಕೆಲಸ ತನ್ನಿಂದಾಗದು ಎಂದ. ಅವ್ವ ಚಾವಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಅಡುಗೆಮನೆಯಲ್ಲಿ ನನ್ನನ್ನು ಕೇಳಿದಳು, ನಿನ್ನ ಸಾಲೆಯಲ್ಲಿ ಸುಮ್ಮನಿರುವುದನ್ನು ಕಲಿಸುವ ಮಾಸ್ತರರು ಯಾರೂ ಇಲ್ಲವೇ ಎಂದು.

ಅಪ್ಪ ಸೇಡಂಗೆ ಹೋಗಿ, ಅಲ್ಲಿ ನಮ್ಮ ಮನೆತನದ ಗುರುಗಳಾಗಿದ್ದ ವೃದ್ಧ ಜಂಗಮರನ್ನು ಕಂಡುಬಂದ. ಅವರು, ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ, ಗೊತ್ತಾದ ಮೇಲೆ ಏನು ಮಾಡುತ್ತೀ ಎನ್ನುವುದು ನಿನಗೆ ಬಿಟ್ಟದ್ದು ಎಂದರಂತೆ. ಅಪ್ಪನಿಗೆ ಇದರಿಂದ ಸಮಾಧಾನವಾಗಲಿಲ್ಲ, ಯಾಕೆಂದರೆ ಏನು ಮಾಡಬೇಕು ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಎರಡು ವಾರ ಕಳೆಯಿತು. ಗಡಿಯಾರ ಕೊಟ್ಟವರು ಮನೆಗೆ ಬರತೊಡಗಿದರು. ಒಬ್ಬ ಗಾರ್ಡು ಹೆಂಡತಿಯ ವಾಚು ಕಟ್ಟಿಕೊಂಡು ಡ್ಯೂಟಿಗೆ ಹೋಗಬೇಕಾಗಿದೆ ಎಂದು ನಮ್ಮ ಕಟ್ಟೆಯ ಮೇಲೆ ಕೂತು ಗೋಳಾಡಿದ. ಅಪ್ಪ ಎಲ್ಲರಿಗೂ ಮಜ್ಜಿಗೆ ಕೊಡಿಸಿ ಕಳಿಸುತ್ತಿದ್ದ. ಮನೆಯಲ್ಲಿ ಅವನ ಕೈಗಳಿಗೆ ಕೆಲಸವಿರಲಿಲ್ಲ. ಊಟದ ತಟ್ಟೆಯ ಅಂಚನ್ನು, ಚಹಾ ಕಪ್ಪಿನ ಕಿವಿಯನ್ನು ತಿರುವುತ್ತ ಕೂರುತ್ತಿದ್ದ. ಅವನು ಮತ್ತೆ ಆ ಬಾಗಿಲು ತೆಗೆಯುತ್ತಾನೋ ಇಲ್ಲವೋ ಎನ್ನುವುದೊಂದೇ ನನಗೆ ಆಗ ಚಿಂತೆ. ತೆಗೆಯದಿದ್ದರೆ ಅದು ನನ್ನ ಬಾಯಿಂದ ಆದದ್ದು.

ಹೀಗಿರುವಾಗ ಒಂದು ಸಂಜೆ ಚಿತ್ತಾಪುರದಿಂದ ಪ್ಯಾಸೆಂಜರಿನಲ್ಲಿ ಬಂದಿಳಿದರೆ, ಅಪ್ಪ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದ. ನನಗಾಗಿ ಕಾಯುತ್ತಿದ್ದನಂತೆ. ಅಷ್ಟು ದೊಡ್ಡ ಸಮುದ್ರವಿದ್ದೂ ತಿಮಿಂಗಿಲಗಳು ಹಡಗಿನವರ ಕೈಗೆ ಯಾಕೆ ಸಿಕ್ಕವು, ಬೇರೆ ಕಡೆ ಓಡಿಹೋಗಬಾರದಿತ್ತೇ ಎಂದು ಕೇಳಿದ. ಗೊತ್ತಿಲ್ಲ, ನಾಳೆ ಓದಿಕೊಂಡು ಬರುತ್ತೇನೆ ಎಂದೆ. ಅದರ ಮರುದಿನವೂ ಬೆಂಚಿನ ಮೇಲೆ ಇದ್ದ. ಆಮೇಲೆ ಅದೇ ರೂಢಿಯಾಯಿತು. ದಿನಾ ಒಂದು ಪ್ರಶ್ನೆ ತೆಗೆದುಕೊಂಡು ನಾನು ಚಿತ್ತಾಪುರಕ್ಕೆ ಹೋಗುವುದು, ಸಂಜೆ ಉತ್ತರ ತರುವುದು. ಲೈಬ್ರರಿಯ ಗುಮಾಸ್ತರು ನಾನೇನೋ ದೊಡ್ಡ ಪರೀಕ್ಷೆಗೆ ಕೂತಿದ್ದೇನೆ ಎಂದುಕೊಂಡು ತಮ್ಮ ಫ್ಯಾನನ್ನೂ ನನ್ನ ಕಡೆ ತಿರುಗಿಸುತ್ತಿದ್ದರು.

ನಾನು ತಂದ ಉತ್ತರಗಳು ಹೀಗಿದ್ದವು. ಸಮುದ್ರ ಮೇಲಿನಿಂದ ಒಂದೇ ಥರ ಕಂಡರೂ ಒಳಗೆ ಒಂದೇ ಥರ ಇಲ್ಲ. ಮೇಲೆ ಬಿಸಿಲು ತಾಕಿದ ಬೆಚ್ಚಗಿನ ನೀರು, ಕೆಳಗೆ ಬೆಳಕೇ ಕಾಣದ ತಣ್ಣೀರು. ಈ ತಿಮಿಂಗಿಲದ ಊಟ ಆ ಕತ್ತಲಲ್ಲಿದೆ, ಸ್ಕ್ವಿಡ್ ಎಂಬ ಹತ್ತು ತೋಳಿನ, ಎಲುಬಿಲ್ಲದ ಪ್ರಾಣಿ. ಅದನ್ನು ಹುಡುಕಿ ಉಸಿರು ಕಟ್ಟಿ ಮೈಲಿಯ ಲೆಕ್ಕದಲ್ಲಿ ಕೆಳಗಿಳಿಯುತ್ತದೆ. ಹಾಗಾಗಿ ದಂಡೆಯ ಹತ್ತಿರದ ತೆಳು ನೀರು ಅದಕ್ಕೆ ಬೇಡ. ನೆಲ ಥಟ್ಟನೆ ಕಡಿದು ಆಳಕ್ಕೆ ಬೀಳುವ ಅಂಚುಗಳು ಬೇಕು. ಎರಡು ಪ್ರವಾಹಗಳು ಕೂಡುವ ಜಾಗ, ತಳದ ತಣ್ಣೀರು ಗೊಬ್ಬರದಂಥ ಸತ್ವವನ್ನು ಹೊತ್ತು ಮೇಲೆ ಬರುವ ಜಾಗ ಬೇಕು. ಅಲ್ಲಿ ಸಣ್ಣ ಜೀವಿಗಳು ಹುಟ್ಟುತ್ತವೆ, ಅವನ್ನು ತಿನ್ನಲು ದೊಡ್ಡವು, ಅವನ್ನು ಹಿಂಬಾಲಿಸಿ ಸ್ಕ್ವಿಡ್, ಅದರ ಹಿಂದೆ ತಿಮಿಂಗಿಲ. ಹೆಣ್ಣುಗಳು ಮರಿಗಳನ್ನು ಕಟ್ಟಿಕೊಂಡು ಬೆಚ್ಚಗಿನ ನೀರಿನಲ್ಲೇ ಗುಂಪಾಗಿ ಇರುತ್ತವೆ, ಬೆಳೆದ ಗಂಡುಗಳು ಧ್ರುವದ ಕಡೆಯ ಛಳಿ ನೀರಿಗೆ ದುಡಿಯಲು ಹೋದವರ ಹಾಗೆ ಹೋಗಿಬರುತ್ತವೆ.

ಅಪ್ಪ ಇದನ್ನೆಲ್ಲ ಕೇಳುತ್ತ ಎಂಜಿನ್ನಿನ ಹೊಗೆಯ ಕಡೆ ನೋಡುತ್ತಿದ್ದ. ತಣ್ಣೀರು, ಬೆಚ್ಚನೀರು ಎಂದಾಗ ಮಾತ್ರ ಥಟ್ಟನೆ ನನ್ನ ಕಡೆ ತಿರುಗಿದ. ದಿನಕ್ಕೆ ಹತ್ತು ಸಲ ಬಿಸಿಯಿಂದ ಛಳಿಗೆ, ಛಳಿಯಿಂದ ಬಿಸಿಗೆ ಹೋಗಿಬರುವ ಪ್ರಾಣಿಯ ಎಣ್ಣೆ, ಅದಕ್ಕೇ ಮೇ ತಿಂಗಳಿಗೂ ಹೆದರಲಿಲ್ಲ, ಡಿಸೆಂಬರಿಗೂ ಹೆದರಲಿಲ್ಲ ಎಂದ. ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ. ತಲೆಯಲ್ಲಿ ಎಣ್ಣೆಯ ಜೊತೆಗಿರುವ ಮೇಣ ತಣ್ಣಗಾಗಿ ಗಟ್ಟಿಯಾದರೆ ಮುಳುಗಲು ಅನುಕೂಲ ಎಂದು ಕೆಲವರ ಊಹೆ ಮಾತ್ರ ಇತ್ತು. ಅದನ್ನೂ ಹೇಳಿದೆ. ಕೇಳಿ ಅವನ ಮುಖ ಅರಳಿತು, ಎಷ್ಟೋ ದಿನದ ಮೇಲೆ. ಗಡಿಯಾರದ ಎಣ್ಣೆ ಗಟ್ಟಿಯಾದರೆ ಗಡಿಯಾರ ಕೆಡುತ್ತದೆ, ಅದೇ ಗಟ್ಟಿಯಾಗುವುದನ್ನು ಆ ಪ್ರಾಣಿ ಕೆಲಸಕ್ಕೆ ಹಚ್ಚಿದೆ ನೋಡು ಎಂದು, ತನ್ನ ಕಸುಬಿನ ಮತ್ತೊಬ್ಬ ಜಾಣನ ಬಗ್ಗೆ ಮಾತಾಡುವವನಂತೆ ಮಾತಾಡಿದ.

ಓಡಿಹೋಗಬಾರದಿತ್ತೇ ಎನ್ನುವ ಮೊದಲ ಪ್ರಶ್ನೆಗೆ ಉತ್ತರವನ್ನು ಕೊನೆಗೆ ಅವನೇ ಹೇಳಿದ.

"ನಮ್ಮ ಚಿಮ್ಮನಚೋಡದಾಗ ಬ್ಯಾಸಗ್ಯಾಗ ಹೊಳಿ ಬತ್ತಿ ಅಲ್ಲಲ್ಲಿ ಮಡುವು ಉಳೀತಿದ್ವು. ದನ ಕಳದ್ರ ನಾವು ಅಡವಿ ತಿರಗ್ತಿರಲಿಲ್ಲ, ಮಡುವಿಗೆ ಹೋಗಿ ಕುಂದರ್ತಿದ್ವಿ. ಬ್ಯಾಟಿ ಆಡವರೂ ಅಲ್ಲೇ ಕುಂದರ್ತಿದ್ರು. ನೀರು ಬಿಟ್ಟು ಅವು ಎಲ್ಲಿಗಿ ಹೋಗಬೇಕು?"

ಮತ್ತೆ ಕೇಳಿದ: "ಈಗ ಬ್ಯಾಟಿ ನಿಲ್ಲಿಸ್ಲಿಕತ್ತಾರ ಅಂದಿ. ಛಲೋ ಆತು. ಖರೆ ಮಡುವೇ ಕೆಟ್ರ?"

ಪೆರು ದೇಶದ ಕರಾವಳಿಯ ಪಾಠ ಮಾತ್ರ ನನಗೆ ಗೊತ್ತಿತ್ತು. ಅಲ್ಲಿ ಕೆಲವು ವರ್ಷ ಬಿಸಿನೀರು ಬಂದು ಮೇಲೆ ಕವಿದರೆ ತಳದ ತಣ್ಣೀರು ಏಳುವುದಿಲ್ಲ, ಮೀನು ಮಾಯವಾಗುತ್ತದೆ, ಮೀನು ನಂಬಿದ ಹಕ್ಕಿಗಳು ಸಾಯುತ್ತವೆ. ತಿಮಿಂಗಿಲವೂ ಆಗ ಊಟ ಹುಡುಕಿ ದೂರ ಹೋಗಬೇಕಾದೀತು. ಕೊಲ್ಲಬೇಡಿ ಎಂದು ಕಾನೂನು ಮಾಡಬಹುದು, ನೀರಿಗೆ ತಣ್ಣಗಿರು ಎಂದು ಯಾರು ಹೇಳುವುದು? ಆ ಬೆಂಚಿನ ಮೇಲೆ ಕೂತ ನಾವಿಬ್ಬರೂ ಸಮುದ್ರವನ್ನು ಕಂಡವರಲ್ಲ. ಆದರೂ ಅವತ್ತು ಅದರ ಚಿಂತೆಯಲ್ಲಿ ಚಹಾ ಆರಿಹೋಯಿತು.

ಮರುದಿನ ಅಪ್ಪ ನನ್ನ ಕೈಯಲ್ಲಿ ಮುಂಬೈಗೆ ಕಾಗದ ಬರೆಸಿದ. ಹೊಸ ಎಣ್ಣೆಯನ್ನು ಏತರಿಂದ ಮಾಡುತ್ತೀರಿ, ಅದರಲ್ಲಿ ಯಾವುದಾದರೂ ಜೀವ ಹೋಗಿದೆಯೇ ಎಂದು. ಅಂಥ ಪ್ರಶ್ನೆ ಆ ವ್ಯಾಪಾರಿಗೆ ಯಾರೂ ಕೇಳಿರಲಾರರು. ಉತ್ತರ ಬಂತು. ಪೂರ್ತಿ ಕಾರ್ಖಾನೆಯಲ್ಲಿ ಮಾಡಿದ್ದು, ಪ್ರಾಣಿಯ ಅಂಶವಿಲ್ಲ ಎಂದು. ಜೊತೆಗೆ ಒಂದು ಹೊಸ ಶೀಶೆ. ಅಪ್ಪ ಕಾಗದವನ್ನೂ ಲೇಬಲ್ಲನ್ನೂ ಮೂರು ಮೂರು ಸಲ ಓದಿಸಿದ. ಒಂದು ಅಕ್ಷರ ಬಿಡಬೇಡ ಎಂದ. ಇನ್ನು ದುಕಾನ ತೆಗೆಯುತ್ತಾನೆ ಎಂದುಕೊಂಡೆ. ತೆಗೆಯಲಿಲ್ಲ. ಹಳೆಯ ಎರಡು ಶೀಶೆಗಳಿಗೆ ಏನಾದರೂ ಮಾಡದೆ ಆ ಮೇಜಿಗೆ ಕೂರಲು ಮನಸ್ಸು ಬರುತ್ತಿಲ್ಲ ಎಂದ. ಶಹಾಬಾದಿನ ಇನ್ನೊಬ್ಬ ಗಡಿಯಾರದವನು ಆ ಶೀಶೆಗಳನ್ನು ಕೊಂಡುಕೊಳ್ಳಲು ಎರಡು ಸಲ ಬಂದು ಹೋಗಿದ್ದ. ಸತ್ತದ್ದನ್ನು ಮಾರುವುದೇನು ಎಂದು ಅಪ್ಪ ಕಳಿಸಿಬಿಟ್ಟಿದ್ದ. ದಾರಿ ತೋರಿಸಿದ್ದು ಅವ್ವ.

"ಮಣ್ಣು ಕೊಟ್ಟುಬಿಡ್ರಿ," ಎಂದಳು ರೊಟ್ಟಿ ಬಡಿಯುತ್ತ. "ಇಷ್ಟ್ ವರ್ಷ ಅದು ನಮ್ಮನ್ನ ಸಾಕೇದ. ಮನಿ ಮಂದಿಗಿ ಮಾಡಿದಂಗ ಮಾಡ್ರಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ವಿಭೂತಿ ಪತ್ರಿ ಇಟ್ಟು ಮಣ್ಣಲ್ಲಿ ಕೂರಿಸುತ್ತೇವೆ. ಅಪ್ಪನಿಗೆ ಇದು ಸರಿ ಕಂಡಿತು. ತೊಡಕೇನೆಂದರೆ ವಾಡಿಯಲ್ಲಿ ಮಣ್ಣೆಲ್ಲಿದೆ? ಹಿತ್ತಲಲ್ಲಿ ಗೇಣು ಅಗೆದರೆ ಠಣ್ ಎನ್ನುತ್ತದೆ, ಕೆಳಗೆಲ್ಲ ಒಂದರ ಮೇಲೊಂದು ಹಾಸಿದ ಫರಸಿ. ಎರಡು ಸಣ್ಣ ಶೀಶೆ ಹೂಳಲು ಕಲ್ಲುಖಣಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಕಾಕಾನನ್ನು ಹಾರೆ ಸಹಿತ ಕರೆಯಬೇಕಾಯಿತು. ಹಾಡಹಗಲು ಹಾರೆಯ ಸದ್ದು ಕೇಳಿ ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ಗಡಿಯಾರದ ಸಾವುಕಾರ ಬಂಗಾರ ಹೂಳುತ್ತಿದ್ದಾನೆ ಎಂಬ ಸುದ್ದಿ ಸ್ಟೇಶನ್ನಿಗೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಣ್ಣೆಗೆ ಮಣ್ಣು ಕೊಡುತ್ತಿದ್ದೇವೆ ಎಂದು ಅವ್ವ ಖರೇ ಸಂಗತಿ ಹೇಳಿದ್ದನ್ನು ಯಾರೂ ನಂಬಲಿಲ್ಲ.

ಕಾಕಾ ಸಂದು ಹುಡುಕಿ, ಹಾರೆ ಹಾಕಿ, ಬಾಗಿಲಿನಷ್ಟು ಅಗಲದ ಒಂದು ಫರಸಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿದ. ಕೆಳಗಿದ್ದ ಕಲ್ಲಿನ ಮೈತುಂಬ ಸಣ್ಣ ಸಣ್ಣ ಅಲೆಗಳು. ಹೊಳೆಯ ದಂಡೆಯ ಉಸುಕಿನ ಮೇಲೆ ನೀರು ಸರಿದುಹೋದ ಮೇಲೆ ಉಳಿಯುವ ಗೆರೆಗಳಂತೆ, ಸಾಲಾಗಿ, ಕೈಯಿಟ್ಟರೆ ತಾಕುವಂತೆ. ಖಣಿಯಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ, ನೀರು ಆಡಿದ ಕಲ್ಲು ಇದು ಎಂದ ಕಾಕಾ. ಅಪ್ಪ ಬಗ್ಗಿ ಆ ಅಲೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಶೀಶೆಗಳಿಗೆ ವಿಭೂತಿ ಹಚ್ಚಿ, ನಾಲ್ಕು ಪತ್ರಿ ಹಾಕಿ, ಅಲ್ಲಿಟ್ಟು, ಮೇಲೆ ಒಂದು ಬೊಗಸೆ ಮಣ್ಣು ಸುರಿದ. ಫರಸಿ ಮತ್ತೆ ತನ್ನ ಜಾಗಕ್ಕೆ ಕೂತಿತು. ಕೂತಲ್ಲಿಂದಲೇ ಅಪ್ಪ ನನ್ನತ್ತ ನೋಡಿದ.

"ಇಲ್ಲಿ ಯಾವ ನೀರು ಯವ್ವಾ? ಸಮುದ್ರ ಇತ್ತೇನು?"

ಇತ್ತು ಎಂದೆ. ಈ ಕಲ್ಲೆಲ್ಲ ಹಳೆಯ ಸಮುದ್ರವೊಂದರ ತಳದ ಕೆಸರು, ಗಟ್ಟಿಯಾದದ್ದು ಎಂದೆ.

"ಆಳ ಇತ್ತೇನು?"

ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಇಂಥ ಗೆರೆ ಏಳುವುದು ತೆಳು ನೀರಿನಲ್ಲಿ. ಆ ಸಮುದ್ರ ಹೋದದ್ದು ತಿಮಿಂಗಿಲ ಹಾಗಿರಲಿ, ಒಂದು ಮೀನೂ ಭೂಮಿಯ ಮೇಲೆ ಹುಟ್ಟುವ ಮೊದಲು. ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವ್ವ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು.

"ಭಾಳ ಆಳ ಇತ್ತಪ್ಪಾ," ಎಂದೆ.

"ಹಂಗಾದ್ರ ಮನಿಗಿ ಮುಟ್ಟಿತು," ಎಂದ ಅಪ್ಪ.

ಎದ್ದು ಕೈ ತೊಳೆದುಕೊಂಡು, ಒರೆಸಿಕೊಳ್ಳುವ ಮೊದಲೇ ಒದ್ದೆ ಕೈಯನ್ನು ಅವ್ವನ ಮುಂದೆ ಚಾಚಿದ. ಅವ್ವ ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟಳು.